ಮಾರ್ಟಳ್ಳಿಯಿಂದ ತಂದ ಗೇರ್‌ಬಾಕ್ಸ್

ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನ ಹಿಂದೆ ತಗಡಿನ ಚಪ್ಪರ ಹಾಕಿಕೊಂಡಿದ್ದ ಮೆಕ್ಯಾನಿಕ್ ಪುಟ್ಟಸಿದ್ದಯ್ಯನಿಗೆ ಗೇರ್‌ಬಾಕ್ಸ್ ಎಂದರೆ ಪ್ರಾಣ. ಎರಡನೇ ಮಹಾಯುದ್ಧದ ಕಾಲದಲ್ಲಿ ಮಿಲಿಟರಿ ವರ್ಕ್‌ಶಾಪಿನಲ್ಲಿ ಕೆಲಸ ಕಲಿತವನು. ಹನೂರಿನ ಬಸ್ಸು ಕಣ್ಣಿಗೆ ಬೀಳುವ ಮುಂಚೆಯೇ ಸದ್ದು ಕೇಳಿ, "ಮೂರ್ನೇ ಗೇರು ಸವೆದೋಗದ ಕಣ್ಲಾ" ಅನ್ನುತ್ತಿದ್ದ.

ಊರಿನ ರೇಷ್ಮೆ ವ್ಯಾಪಾರಿ ಸದಾಶಿವಪ್ಪನ ಬಳಿ ಒಂದು ಜಾಗ್ವಾರ್ ಕಾರಿತ್ತು. ಎರಡೇ ಸೀಟು, ಉದ್ದನೆಯ ಮೂತಿ. ನೀಲಗಿರಿಯ ಬಿಳಿ ದೊರೆಯೊಬ್ಬ ತನ್ನ ಇಂಗ್ಲೆಂಡ್ ಸೀಮೆಗೆ ಹೊರಟಾಗ ಬಿಟ್ಟುಹೋದದ್ದು. ಅದರ ಗೇರು ಅವಸರಗಾರರಿಗೆ ಒಲಿಯುವಂಥದ್ದಲ್ಲ. ಕ್ಲಚ್ಚನ್ನು ಎರಡು ಸಲ ತುಳಿದು, ನಡುವೆ ಒಂದು ಉಸಿರು ಕಾದು, ಆಮೇಲೆ ಹಾಕಬೇಕು. ಸದಾಶಿವಪ್ಪನಿಗೆ ಆ ಒಂದು ಉಸಿರಿನ ತಾಳ್ಮೆಯೂ ಇರಲಿಲ್ಲ. ಅವನು ಗೇರಿನ ಹಲ್ಲು ಮುರಿಯುವುದು, ಸಿದ್ದಯ್ಯ ಬಿಚ್ಚಿ ಮೈಸೂರಿಗೆ ಒಯ್ದು ವರ್ಕ್‌ಶಾಪಿನಲ್ಲಿ ಹೊಸ ಹಲ್ಲು ಕೊರೆಸಿ ತರುವುದು, ಹೀಗೇ ಎಂಟು ವರ್ಷ ನಡೆಯಿತು. ಇಬ್ಬರೂ ಯಳಂದೂರಿನ ಶಾಲೆಯಲ್ಲಿ ಜೊತೆಗೆ ಓದಿದವರು. ಒಬ್ಬ ಸಾಹುಕಾರನಾದ, ಇನ್ನೊಬ್ಬ ಮೈಗೆ ಗ್ರೀಸು ಬಳಿದುಕೊಂಡ. ಆದರೂ ಸದಾಶಿವಪ್ಪ ತನ್ನವನೆಂದೇ ಸಿದ್ದಯ್ಯ ನಂಬಿದ್ದ.

1965ರ ಸಂಕ್ರಾಂತಿಯ ಹೊತ್ತಿಗೆ ಗೇರ್‌ಬಾಕ್ಸ್ ಪೂರ್ತಿ ಕೈಕೊಟ್ಟಿತು.

"ಇನ್ನ ಆಗದಿಲ್ಲ ಸಾವ್ಕಾರ್ರೇ. ಬ್ಯಾರೆ ಬಾಕ್ಸೇ ಬೇಕು" ಎಂದ ಸಿದ್ದಯ್ಯ.

"ಎಲ್ಲಿದ್ರೂ ಹುಡುಕ್ಲಾ ಸಿದ್ದ. ನಾನು ಸಾಯಗಂಟ ಈ ಕಾರ್ನ ಮಾರಾನಲ್ಲ."

ಸೀಮೆಯಿಂದ ತರಿಸೋಣವೆಂದರೆ ಆಮದು ಲೈಸೆನ್ಸು ಸಿಗುವ ಕಾಲವಲ್ಲ. ಸಿದ್ದಯ್ಯ ಬೆಂಗಳೂರಿನ ಗುಜರಿಗಳನ್ನು ಜಾಲಾಡಿದ. ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರುವ ಮುಂಚೆ ಕಚೇರಿ ಕೆಲಸಕ್ಕೆಲ್ಲ ಕೊಯಮತ್ತೂರಿಗೇ ಹೋಗಬೇಕಿತ್ತಾದ್ದರಿಂದ ಆ ಊರಿನ ಗಲ್ಲಿಗಳೂ ಅವನಿಗೆ ಗೊತ್ತು. ಅಲ್ಲೂ ಸಿಗಲಿಲ್ಲ. ಐದು ತಿಂಗಳು ಅಲೆದ ಮೇಲೆ ಹನೂರಿನಲ್ಲಿ ಒಬ್ಬ ಲಾರಿ ಡ್ರೈವರ್ ಹೇಳಿದ: "ಮಾರ್ಟಳ್ಳೀಲಿ ಅರುಳಪ್ಪ ಅಂತ ಅವ್ನೆ. ಇಂಥದ್ದೇ ಕಾರು ಓಡುಸ್ತಿದ್ದೋನು. ಕೇಳ್ ನೋಡಿ."

ಅರುಳಪ್ಪ ಎಪ್ಪತ್ತು ದಾಟಿದ ಮುದುಕ. ಹಿಂದೆ ಬೇರೊಬ್ಬ ದೊರೆಯ ಬಳಿ ಡ್ರೈವರ್ ಆಗಿದ್ದ. ಘಾಟಿಯಲ್ಲಿ ಕಾರು ಉರುಳಿ ಆ ದೊರೆ ಸತ್ತಾಗ, ದೊರೆಸಾನಿ ಮುರುಕು ಕಾರನ್ನು ಇವನಿಗೇ ಕೊಟ್ಟು ಹೋಗಿದ್ದಳು. ಮಿಕ್ಕದ್ದೆಲ್ಲ ಗುಜರಿಗೆ ಹೋಯಿತು, ಗೇರ್‌ಬಾಕ್ಸ್ ಮಾತ್ರ ಮಂಚದ ಕೆಳಗೆ ಉಳಿಯಿತು. ಗೋಣಿ ಬಿಚ್ಚಿ ಮುಚ್ಚಳ ತೆಗೆದರೆ ಒಂದು ಹಲ್ಲೂ ಮುಕ್ಕಾಗಿರಲಿಲ್ಲ. ವರ್ಷ ವರ್ಷ ಎಣ್ಣೆ ಸವರಿಟ್ಟಿದ್ದ. ಸಿದ್ದಯ್ಯ ಬೆಲೆ ಕೇಳಿದ.

"ದುಡ್ಡು ವೇಂಡಾಂ ತಂಬಿ, ಬೇಡ" ಎಂದ ಮುದುಕ ತಮಿಳು ಬೆರೆಸಿ. "ಇದು ಓಡ್ಬೇಕು, ಅಷ್ಟೇ. ಆ ಕಾರು ಒಂದ್ ದಪಾ ನಮ್ಮೂರಿಗೆ ಬರ್ಲಿ. ಚರ್ಚಿನಿಂದ ಕೆರೆ ತನಕ ನಾನು ಓಡುಸ್ಬೇಕು."

ಸಿದ್ದಯ್ಯ ವಾಪಸು ಬಂದು ಕೇಳಿದ್ದಕ್ಕೆ ಸದಾಶಿವಪ್ಪ ನಕ್ಕು, "ಒಂದ್ ಸಲ ಯಾಕ್ಲಾ, ಹತ್ತು ಸಲ ಓಡುಸ್ಲಿ. ಮಾತು ಕೊಟ್ಟು ತಕಂಡ್ ಬಾ" ಎಂದ. ಸಿದ್ದಯ್ಯ ಹೋಗಿ ಮುದುಕನ ಕೈಮೇಲೆ ಕೈಯಿಟ್ಟು ಮಾತು ಕೊಟ್ಟ. ಗೇರ್‌ಬಾಕ್ಸನ್ನು ಹುಲ್ಲು ತುಂಬಿದ ಲಾರಿಯಲ್ಲಿ, ತಾನೂ ಪಕ್ಕದಲ್ಲೇ ಕೂತು ತಂದ. ಹದಿನೈದು ದಿನ ಕೆಲಸ. ಕೂಡಿಸಿ ಓಡಿಸಿದಾಗ ಗೇರು ಬೆಣ್ಣೆಯಲ್ಲಿ ಚಾಕು ಇಳಿದಂತೆ ಬಿತ್ತು.

ಮುಂದಿನ ಭಾನುವಾರ ಮಾರ್ಟಳ್ಳಿಗೆ ಹೋಗುವುದೆಂದು ನಿಗದಿಯಾಯಿತು. ಅಂದು ಬೆಳಿಗ್ಗೆ ಸಿದ್ದಯ್ಯ ಒಗೆದ ಅಂಗಿ ತೊಟ್ಟು ಸದಾಶಿವಪ್ಪನ ಮನೆಗೆ ಹೋದರೆ ಶೆಡ್ಡು ಖಾಲಿ. ಸದಾಶಿವಪ್ಪನ ಹೆಂಡತಿ ಗುರುಬಸಮ್ಮ ಬಾಗಿಲಿಗೆ ಬಂದಳು.

"ಕಾರು ಶುಕ್ರವಾರವೇ ಬೊಂಬಾಯಿಗೆ ಓಯ್ತಲ್ಲಪ್ಪ. ನಿನಗೇಳ್ನಿಲ್ವಾ? ಓದ್ ವರ್ಷದ ದೀಪಾವಳೀಲೇ ಮಾರಾ ಮಾತಾಗಿತ್ತು. ಗೇರು ಸರಿ ಮಾಡ್ಸಿದ್ರೇ ತಕತೀವಿ ಅಂತ ಕೊಳ್ಳೋರು ಅಂದಿದ್ರಂತೆ."

ದೀಪಾವಳಿ. ಹುಡುಕು, ಮಾರಾನಲ್ಲ ಎಂದು ಸದಾಶಿವಪ್ಪ ಹೇಳಿದ್ದು ಅದಾದ ಮೇಲೆ, ಸಂಕ್ರಾಂತಿಯಲ್ಲಿ. ಅಷ್ಟರಲ್ಲಿ ಸದಾಶಿವಪ್ಪ ಹೊರಬಂದ.

"ಹಳೇ ಕಬ್ಬಿಣಕ್ಕೆ ಯಾಕ್ಲಾ ಮೊಕ ಇಳಿಬಿಟ್ಕೊಂಡಿದ್ದೀಯ? ಆ ಮುದುಕನಿಗೆ ಒಂದು ಜೊತೆ ಪಂಚೆ ಕಳಿಸಿದ್ರಾಯ್ತು."

"ಮಾತು ಕೊಟ್ಟೋನು ನಾನು, ಸಾವ್ಕಾರ್ರೇ."

"ಯಾರು ಕೊಡು ಅಂದೋರು?"

"ನೀವೇಯಾ."

ಸದಾಶಿವಪ್ಪ ಒಳಗೆ ಹೋದ.

ಸಿದ್ದಯ್ಯ ಬಸ್ಸು ಹತ್ತಿ ಒಬ್ಬನೇ ಮಾರ್ಟಳ್ಳಿಗೆ ಹೋದ. ಅರುಳಪ್ಪ ಚರ್ಚಿನ ಮುಂದೆ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಹಳೆಯ ಡ್ರೈವರ್ ಟೋಪಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದ. ನೆಂಟರಿಷ್ಟರೂ ಸುತ್ತ ಸೇರಿದ್ದರು. ಸಿದ್ದಯ್ಯ ಒಂದೂ ಮುಚ್ಚಿಡದೆ ಎಲ್ಲವನ್ನೂ ಹೇಳಿದ.

"ಮಾರ್ತಾನೆ ಅಂತ ನಿನಗೆ ಗೊತ್ತಿರ್ಲಿಲ್ವಾ ತಂಬಿ?"

"ದೇವ್ರಾಣೆಗೂ ಗೊತ್ತಿರ್ನಿಲ್ಲ."

ಮುದುಕ ಟೋಪಿಯನ್ನು ಕಂಕುಳಿಗೆ ಸೇರಿಸಿದ. "ಗೊತ್ತಿರ್ಬೇಕಾಗಿತ್ತು" ಎಂದಷ್ಟೇ ಹೇಳಿ ಮನೆ ಕಡೆ ನಡೆದ. ಅವನು ನಂಬಿದನೋ ಇಲ್ಲವೋ, ಸಿದ್ದಯ್ಯನಿಗೆ ಕೊನೆಗೂ ತಿಳಿಯಲಿಲ್ಲ. ಮತ್ತೆರಡು ಸಲ ಹೋದರೂ ಅರುಳಪ್ಪ ಬಾಗಿಲು ತೆರೆಯಲಿಲ್ಲ. ಎರಡು ವರ್ಷಕ್ಕೆ ತೀರಿಕೊಂಡ.

ಅರುಳಪ್ಪ ಇನ್ನೂ ಬದುಕಿದ್ದಾಗಲೇ ಸದಾಶಿವಪ್ಪ ಒಂದು ಜೀಪು ಕೊಂಡ. ಅದು ಕೆಟ್ಟಾಗ ಏನೂ ಆಗಿಲ್ಲವೆಂಬಂತೆ ಚಪ್ಪರಕ್ಕೆ ತಂದು ನಿಲ್ಲಿಸಿದ. ಸಿದ್ದಯ್ಯ ಬಸ್ಸಿನ ಕೆಳಗಿಂದ ತಲೆ ಹೊರಹಾಕಿ, "ಮಾರ್ಟಳ್ಳಿಗೋಗಿ ಆ ಅಯ್ಯನ ಮುಂದ ನಿಂತು, ತಪ್ಪು ನಂದು ಅಂತ ಏಳ್ಬುಟ್ಟು ಬನ್ನಿ. ಆಮೇಲೆ ಮುಟ್ತೀನಿ" ಎಂದ.

"ಲೇ, ಯಾರ ಜೊತೆ ಮಾತಾಡ್ತಿದ್ದೀಯ ಅಂತ ಗ್ಯಾನ ಅದಾ?"

"ಅದ. ಅದ್ಕೇ ಏಳ್ತಾ ಇವ್ನಿ."

ಸದಾಶಿವಪ್ಪ ಹೋಗಲಿಲ್ಲ. ಜೀಪನ್ನು ಕಟ್ಟಿ ಎಳೆಸಿಕೊಂಡು ಮೈಸೂರಿಗೆ ಒಯ್ದ. ಸಿದ್ದಯ್ಯನ ಹೆಂಡತಿ ಶಿವನಂಜಮ್ಮ, "ದೊಡ್ಡೋರ ಎದುರಾಕ್ಕೊಂಡು ಬದುಕದು ಎಂಗೆ?" ಎಂದು ಅತ್ತಳು. ಹೇಗೋ ಬದುಕಿದರು. ಎಪ್ಪತ್ತೈದನೇ ಇಸವಿಯವರೆಗೂ ಸಿದ್ದಯ್ಯ ಹನೂರು ರೂಟಿನ ಬಸ್ಸುಗಳ ಗೇರು ಕಟ್ಟಿದ. ಸದಾಶಿವಪ್ಪನ ಗಾಡಿ ಮಾತ್ರ ಮತ್ತೆಂದೂ ಆ ಚಪ್ಪರದ ಕೆಳಗೆ ನಿಲ್ಲಲಿಲ್ಲ.