ಬೀರುವಿನೊಳಗಿನ ವೈಫೈ

ವೈಫೈ ಗಾಳಿಯಲ್ಲಿ ಬರುತ್ತದೆ ಎಂದು ಯಾರೋ ಹೇಳಿದ್ದನ್ನು ಯಮನೂರ ಹಾಗೇ ನಂಬಿಬಿಟ್ಟಿದ್ದ. ದೊಡ್ಡನೆಕ್ಕುಂದಿಯ ಬಾಡಿಗೆ ರೂಮಿಗೆ ಬಂದ ಹೊಸತರಲ್ಲಿ ಕಿಟಕಿ ತೆರೆದಿಟ್ಟು, ಫ್ಯಾನ್ ಆರಿಸಿ ಬೆವರುತ್ತಾ ಮಲಗುತ್ತಿದ್ದ. ಫ್ಯಾನು ಸಿಗ್ನಲ್ಲನ್ನು ಆಚೆ ತಳ್ಳಿಬಿಟ್ಟರೆ? ಬಂದದ್ದು ಸೊಳ್ಳೆ. ಡಿಪ್ಲೊಮಾ ಪಾಸಾದವನ ಬುದ್ಧಿ ಅದು.

ಈಗ ಅದೇ ರೂಮಿನಲ್ಲಿ ಮೇಲೆ ಇಸ್ತ್ರಿ ಅಂಗಿ, ಕೆಳಗೆ ಲುಂಗಿ ತೊಟ್ಟು, ಗೆಳೆಯನ ಲ್ಯಾಪ್‌ಟಾಪಿನ ಮುಂದೆ ಕೂತಿದ್ದ. ಬಾಟಲಿ ಮುಚ್ಚಳದ ಫ್ಯಾಕ್ಟರಿಯಲ್ಲಿ ಅವನ ಕಾಂಟ್ರ್ಯಾಕ್ಟ್ ಈ ತಿಂಗಳಿಗೆ ಮುಗಿಯುತ್ತಿತ್ತು. ವೈಟ್‌ಫೀಲ್ಡಿನ ಕಂಪನಿಯೊಂದು ಫೋನಿನಲ್ಲಿ ಗ್ರಾಹಕರಿಗೆ ಉತ್ತರಿಸುವ ಕೆಲಸಕ್ಕೆ ವಿಡಿಯೋ ಸಂದರ್ಶನ ಇಟ್ಟಿತ್ತು. "ನಿಮ್ಮ ಬಗ್ಗೆ ಹೇಳಿ" ಎಂದ ಮೇಡಂ ಮುಖ ಬಾಯಿ ತೆರೆದಂತೆಯೇ ನಿಂತುಹೋಯಿತು. ಫೋನಿಗೆ ಸಂದೇಶ ಬಂತು: ಹತ್ತು ನಿಮಿಷ ಕಾಯುತ್ತೇವೆ, ಮತ್ತೆ ಸಂಪರ್ಕ ಕಡಿದರೆ ಮುಂದಿನವರನ್ನು ಕರೆಯುತ್ತೇವೆ.

ಮೆಟ್ಟಿಲಿಳಿದು ಓಡಿದ. ಮನೆ ಓನರ್ ವಸಂತಮ್ಮ ನಡುಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದರು. ವೈಫೈ ಅವರದೇ.

"ಅಮ್ಮಾರ, ವೈಫೈ ಡಬ್ಬಿ ಎಲ್ಲೈತ್ರಿ? ಸಿಗ್ನಲ್ ಇಲ್ಲಂತ ನೌಕರಿ ಕೈಬಿಟ್ಟು ಹೊಂಟೈತಿ."

"ಎಲ್ಲಿರ್ತದೆ? ಬೀರುನಾಗೆ."

"ಕಬ್ಬಿಣದ ಬೀರುದಾಗ?"

"ಬೆಲೆ ಬಾಳೋದ್ನ ಇನ್ನೆಲ್ಲಿ ಇಡ್ತಾರೆ? ಬೀರು ಇಂದ್ಗಡೆ ತೂತು ಕೊರ್ಸಿ ವೈರು ಬಿಟ್ಟಿವ್ನಿ."

ಇಷ್ಟು ದಿನ ಅವನು ಮೊಬೈಲನ್ನು ಕಿಟಕಿ ಸರಳಿಗೆ ಕಟ್ಟಿ ನೇತುಹಾಕಿದ್ದು ಸಿಗ್ನಲ್ ತಡೆಯುತ್ತಿದ್ದ ಈ ಕಬ್ಬಿಣದ ಬಾಗಿಲಿನಿಂದಾಗಿ. ವಸಂತಮ್ಮನ ಮಗಳು ಶ್ಯಾಮಲಾ ಆ ಬೀರುವಿಗೇ ಒರಗಿ ಕೂತು ಓದುತ್ತಿದ್ದಳು, ಅವಳಿಗೇನೂ ಕೊರತೆ ಇರಲಿಲ್ಲ. ವಸಂತಮ್ಮ ಹೊಲ ಮಾಡುತ್ತಿದ್ದ ಕಾಲಕ್ಕೆ ಪಂಪ್‌ಸೆಟ್ಟಿನ ಸ್ಟಾರ್ಟರಿಗೂ ಬೀಗ ಜಡಿದು, ಕೀ ಸೊಂಟಕ್ಕೆ ಸಿಕ್ಕಿಸಿಕೊಂಡೇ ಕಳೆ ಕಿತ್ತವರು. ಹೊಲದಲ್ಲಿ ಅಪಾರ್ಟ್‌ಮೆಂಟ್ ಎದ್ದ ಮೇಲೂ ಕೀ ಸೊಂಟ ಬಿಟ್ಟಿರಲಿಲ್ಲ.

"ಅರ್ಧ ತಾಸು ನನ್ನ ಕೈಯಾಗ ಕೊಡ್ರಿ."

"ಕೈಗೆ ಕೊಡಕ್ಕಿಲ್ಲ." ಸೊಪ್ಪು ಪಕ್ಕಕ್ಕಿಟ್ಟು ಎದ್ದರು. "ಆ ಕಡೆ ತಿರುಗು ಮೊದ್ಲು."

ಯಮನೂರ ಗೋಡೆ ನೋಡುತ್ತಾ ನಿಂತ. ಬೆನ್ನ ಹಿಂದೆ ಬೀರು ಕಿರುಗುಟ್ಟಿತು, ಸೀರೆಗಳು ಸರಿದವು, ಏನೋ ಗಲ್ ಎಂದಿತು. ಇಲ್ಲಿ ಒಂದೊಂದು ಸೀರೆ ಸರಿದಂತೆ ಅಲ್ಲಿ ಮೇಡಂ ಮುಂದಿನವನ ಹೆಸರು ಓದುತ್ತಿರುವಂತೆ ಅನಿಸಿತು.

ನುಸಿಗುಳಿಗೆಯ ವಾಸನೆ ಹೊಡೆಯುವ ಡಬ್ಬಿ ಹೊರಬಂತು. ವೈರು ಮೆಟ್ಟಿಲಿನ ತಿರುವಿಗಷ್ಟೇ ಎಟುಕಿತು. ಶ್ಯಾಮಲಾ ಎಕ್ಸ್‌ಟೆನ್ಷನ್ ಬೋರ್ಡು ಎಳೆದುಕೊಟ್ಟಳು. ವಸಂತಮ್ಮ ಮೆಟ್ಟಿಲ ಮೇಲೆ ಕೂತು, ಡಬ್ಬಿಯನ್ನು ಕೂಸಿನಂತೆ ಮಡಿಲಲ್ಲಿಟ್ಟುಕೊಂಡರು. ದೀಪಗಳು ಒಂದೊಂದಾಗಿ ಹತ್ತಿದವು. ಕೊನೆಯದು ಕೆಂಪಾಗೇ ಉಳಿದು, ಅವನ ಜೀವ ಬಾಯಿಗೆ ತಂದು, ಹಸಿರಾಯಿತು.

ಮೇಡಂ ಮತ್ತೆ ಕಂಡರು. ಅವನು ಹೆಸರು, ಊರು ಹೇಳಿದ. ಸಿಟ್ಟಿಗೆದ್ದ ಗ್ರಾಹಕರನ್ನು ಹೇಗೆ ಸಮಾಧಾನ ಮಾಡುತ್ತೀರಿ ಎಂಬ ಪ್ರಶ್ನೆಗೆ ಬಾಯಿ ತೆರೆಯುವಷ್ಟರಲ್ಲಿ ಹೊರಗಿನಿಂದ, ಮೆಟ್ಟಿಲು ಹತ್ತುತ್ತಿದ್ದ ಯಾರನ್ನೋ ತಡೆಯುವ ವಸಂತಮ್ಮನ ದನಿ ಬಂತು: "ಅಲ್ಲೇ ನಿಂತ್ಕೊಳ್ರಿ, ವೈರು ತುಳೀಬ್ಯಾಡ್ರಿ, ಒಳಗೆ ಪರೀಕ್ಷೆ ನಡೀತೈತೆ." ಚಿತ್ರ ಒಮ್ಮೆ ನಡುಗಿತು. ವಸಂತಮ್ಮ ಡಬ್ಬಿಯನ್ನು ಒಂದು ತೊಡೆಯಿಂದ ಇನ್ನೊಂದಕ್ಕೆ ಸರಿಸಿದ್ದರು. ಚಿತ್ರದ ನಡುಕ ನಿಂತಿತು, ಯಮನೂರ ಉತ್ತರ ಮುಗಿಸಿದ.

ಮ್ಯಾನೇಜರ್ ಜೊತೆ ಎರಡನೇ ಸುತ್ತು ನಾಳೆ, ಇದೇ ಹೊತ್ತಿಗೆ ಎಂದರು ಮೇಡಂ.

ಲುಂಗಿಯಲ್ಲೇ ಹೊರಬಂದು ಸುದ್ದಿ ಹೇಳಿದ. ಖುಷಿಯಲ್ಲಿ ಬಾಯಿ ತಡೆಯಲಿಲ್ಲ. "ನಾಳೆ ಉದ್ದನ್ ವೈರು ತರ್ತೀನ್ರಿ, ಡಬ್ಬಿ ನನ್ನ ರೂಮಿನ್ಯಾಗ ಇಡೂಣು. ನನ್ನ ಮ್ಯಾಲ ನಂಬಿಕಿ ಇಲ್ಲೇನ್ರಿ ಅಮ್ಮಾರ?"

ವಸಂತಮ್ಮ ವೈರು ಸುತ್ತುತ್ತಾ ಮೇಲೆದ್ದರು.

"ಇಲ್ಲ. ನಿನ್ ರೂಮ್ನಾಗೆ ಮೊದ್ಲು ಇದ್ದೋನು ಖಾಲಿ ಮಾಡ್ವಾಗ ಮುಂಚಿನ ಡಬ್ಬೀನ ಎತ್ಕೊಂಡೋದ. ನಾಳೇನೂ ನಾನೇ ಬಂದು ಕೂತ್ಕೋತೀನಿ."