ಬೂದಿಯ ಮರಿಗೆ ಅಂಗಿ ತೊಡಿಸಿದ್ದು

ಬಾಗಿಲಿಗೆ ಅಡ್ಡ ನಿಂತರೆ ಬೆಳಕೇ ಬಾರದಂಥ ಭುಜ, ತುದಿಯಲ್ಲಿ ತಿರುವಿದ ಮೀಸೆ, ಕೆಮ್ಮಿದರೆ ಲಾಯದ ಆಚೆ ತುದಿಯ ಪಾರಿವಾಳಗಳು ಹಾರಿಹೋಗುವಂಥ ಗಂಟಲು. ಇಷ್ಟೆಲ್ಲ ಇದ್ದ ಮನುಷ್ಯನನ್ನು ಕುದುರೆ ಫಾರಮ್ಮಿನಲ್ಲಿ ಎಲ್ಲರೂ ಕರೆಯುತ್ತಿದ್ದುದು ‘ಸೂಲಗಿತ್ತಿ’ ಎಂದು. ಮೊದಮೊದಲು ರೇಗುತ್ತಿದ್ದ. ಬರುಬರುತ್ತ ಹೆಸರು ಎಷ್ಟು ಒಗ್ಗಿತೆಂದರೆ, ಯಾರಾದರೂ ಅಪ್ಪ ಅಮ್ಮ ಇಟ್ಟ ಹೆಸರು ಹಿಡಿದು ಕೂಗಿದರೆ ಬೇರೆ ಯಾರನ್ನೋ ಕರೆಯುತ್ತಿದ್ದಾರೆಂದು ಸುಮ್ಮನಿರುತ್ತಿದ್ದ.

ಅವನದೊಂದು ಶಾಸನವಿತ್ತು. ಮರಿ ನೆಲಕ್ಕೆ ಬಿದ್ದ ಮೇಲೆ ಮನುಷ್ಯರಾದವರು ಹಿಂದೆ ಸರಿಯಬೇಕು. ನೆಕ್ಕುವುದು, ಮೂಸುವುದು, ಗುರುತು ಹಿಡಿಯುವುದು ತಾಯಿಯ ಕೆಲಸ. ಹೊಸದಾಗಿ ಸೇರಿದ ಆಳುಗಳಿಗೆಲ್ಲ ಇದನ್ನು ಬೆರಳು ಅಲ್ಲಾಡಿಸಿ ಹೇಳುತ್ತಿದ್ದ. ಕೊನೆಗೆ ಅದನ್ನು ಮುರಿದವನೂ ಅವನೇ.

ಕಾರಣ, ಫಾರಮ್ಮಿನ ಒಡತಿ. ಹಿಂದಿನ ವರ್ಷ ಆಗತಾನೇ ಹುಟ್ಟಿದ ಮರಿಯನ್ನು ನೋಡಲು ಬಂದವರು ಮೂಗಿಗೆ ಕರವಸ್ತ್ರ ಹಿಡಿದು, “ಇದೇನ್ರೀ, ಒಗೆಯೋಕೆ ಹಾಕಿದ ಬಟ್ಟೆ ಥರ ಇದೆ” ಅಂದಿದ್ದರು. ಆ ಮಾತು ಅವನ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಈ ಸಲ ಬೂದಿಯ ಸರದಿ. ಬೂದಿ ಎಂದರೆ ಬೂದು ಬಣ್ಣದ ಹೆಣ್ಣು ಕುದುರೆ. ಚೊಚ್ಚಲು, ಜೊತೆಗೆ ಸ್ವಲ್ಪ ಮುಂಗೋಪಿ. ಅವತ್ತು ಒಡತಿ ಬರುವವರಿದ್ದರು. ಹಾಗಾಗಿ, ಟೈಲರ್ ಕೆಲಸ ಮಾಡುವ ಹೆಂಡತಿ ಹೊಲಿದುಕೊಟ್ಟಿದ್ದ ಹೊಸ ನೀಲಿ ಅಂಗಿ ತೊಟ್ಟೇ ಬೆಳಿಗ್ಗೆ ಹೆರಿಗೆಗೆ ನಿಂತ. ಬೂದಿ ತಿಣುಕಿತು, ಇವನು ಮರಿಯ ಮುಂಗಾಲು ಹಿಡಿದು ಎಳೆದ, ಮರಿ ನೀರಿನ ಸಮೇತ ಜಾರಿ ಅವನ ಮಡಿಲಿಗೇ ಬಂತು. ಹೊಸ ಅಂಗಿ ತೊಯ್ದು ತೊಪ್ಪೆಯಾಯಿತು, ಬದಲಿಸಲು ಪುರುಸೊತ್ತಿರಲಿಲ್ಲ.

ಬೂದಿ ಸುಧಾರಿಸಿಕೊಂಡು ಏಳುವಷ್ಟರಲ್ಲಿ ಮರಿ ನಲ್ಲಿಯ ಬಳಿ ಇತ್ತು. ಬಿಸಿನೀರು, ಘಮಘಮ ಸೋಪು, ಒಣ ಟವೆಲ್ಲು, ಕೊನೆಗೆ ಬ್ರಷ್ಷು. ಒಡತಿ ಬಂದರು, “ಈಗ ನೋಡಿ, ಎಷ್ಟು ಲಕ್ಷಣವಾಗಿದೆ” ಅಂದರು, ಫೋಟೊ ತೆಗೆದುಕೊಂಡು ಹೋದರು. ಸೂಲಗಿತ್ತಿಯ ಮೀಸೆ ಇನ್ನೊಂದು ಸುತ್ತು ತಿರುಗಿತು.

ಆಮೇಲೆ ಮರಿಯನ್ನು ತಾಯಿಯ ಹತ್ತಿರ ಬಿಟ್ಟ. ಬೂದಿ ಒಮ್ಮೆ ಮೂಸಿತು, ಕಿವಿ ಹಿಂದಕ್ಕೆ ಮಡಿಸಿತು, ಒದೆಯಿತು. ಮರಿ ಹುಲ್ಲಿನ ಮೇಲೆ ಉರುಳಿತು.

ಡಾಕ್ಟರು ಬಂದು, ಪೆಟ್ಟೇನೂ ಆಗಿಲ್ಲವೆಂದು ನೋಡಿ, ಬೂದಿಯ ಗಿಣ್ಣುಹಾಲು ಕರೆಸಿ ಬಾಟಲಿಯಲ್ಲಿ ಕುಡಿಸಿದರು. “ಸಂಜೆವರೆಗೆ ನೋಡೋಣ. ಹತ್ತಿರ ಸೇರಿಸದಿದ್ರೆ ಪಕ್ಕದ ಫಾರಮ್ಮಿಗೆ ಕಳಿಸಿಬಿಡೋಣ, ಅಲ್ಲಿ ಮರಿ ಕಳಕೊಂಡ ಕುದುರೆ ಒಂದಿದೆ. ಒಡತಿಯವರೂ ಒಪ್ಪಿದಾರೆ. ವ್ಯಾನು ಬರುತ್ತೆ.”

“ಬಂದ ದಾರಿಲೇ ಖಾಲಿ ಹೋಗುತ್ತೆ ಡಾಕ್ಟ್ರೇ,” ಅಂದ ಸೂಲಗಿತ್ತಿ. ಮಾತು ಗಟ್ಟಿಯಾಗಿತ್ತು, ಕೈ ಮಾತ್ರ ಮೀಸೆಯ ಕಡೆ ಹೋಗಲಿಲ್ಲ. ತಾಯಿ ಇರುವಾಗಲೇ ಮರಿಯನ್ನು ತಬ್ಬಲಿ ಮಾಡಿದವನು ತಾನು ಎಂಬುದು ಅವನಿಗೆ ಗೊತ್ತಿತ್ತು.

ಶುರುವಾಯಿತು. ಒಂದು ಕೈಯಲ್ಲಿ ಬೂದಿಯ ಹಗ್ಗ, ಇನ್ನೊಂದರಲ್ಲಿ ಮರಿಯ ಬೆನ್ನು. ಮರಿಯನ್ನು ಕೆಚ್ಚಲಿಗೆ ದೂಡುವುದು, ಒದೆ ಬಂದರೆ ನಡುವೆ ತೊಡೆ ಕೊಡುವುದು. ಪುಸಲಾಯಿಸಿದ, ಗದರಿದ, ಕ್ಯಾರೆಟ್ಟು ತಿನ್ನಿಸಿದ. ಬೂದಿ ಕ್ಯಾರೆಟ್ಟು ತಿಂದು ಒದೆಯಿತು. ಬಿದ್ದಷ್ಟು ಸಲವೂ ಮರಿ ಕಡ್ಡಿಕಾಲು ಕೂಡಿಸಿಕೊಂಡು ಎದ್ದು ಬರುತ್ತಿತ್ತು. ಅದು ಏಳುತ್ತಿರುವವರೆಗೂ ತಾನು ಕೂರುವುದಿಲ್ಲವೆಂದು ಇವನೂ ನಿಂತೇ ಇದ್ದ. ನಡುವೆ ಒಂದೇ ಸಮಾಧಾನವೆಂದರೆ, ಇವನು ಹತ್ತಿರ ಬಂದಾಗಲೆಲ್ಲ ಬೂದಿ ಗಂಟಲಲ್ಲೇ ಮೆತ್ತಗೆ ಗುನುಗಿ ಅವನ ಎದೆಯನ್ನು ನೆಕ್ಕುತ್ತಿತ್ತು.

ಮಧ್ಯಾಹ್ನ ಬುತ್ತಿ ತಂದ ಹೆಂಡತಿ ಲಾಯದ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿದಳು.

“ಕೈ ತೊಳ್ಕೊಂಡು ಬನ್ನಿ.”

“ಇದು ಕುಡಿಯೋವರೆಗೂ ನಾನು ತುತ್ತು ಮುಟ್ಟಲ್ಲ ಕಣೇ.”

“ನೀವೇ ಕುಡೀಬಹುದಿತ್ತಲ್ಲ. ನಿಮ್ಮನ್ನೇನೂ ಒದೀತಿಲ್ಲ.”

“ಹೆರಿಗೆ ಮಾಡಿಸಿದ ಕೃತಜ್ಞತೆ ಅದು. ಮೂಕಪ್ರಾಣಿಗಿರೋದು ಕೆಲವರಿಗಿಲ್ಲ.”

“ಕೃತಜ್ಞತೆ ಅಲ್ಲ ರೀ. ನಿಮ್ಮನ್ನೇ ಹೆತ್ತಿದೀನಿ ಅಂದ್ಕೊಂಡಿದೆ ಅದು. ಪಾಪ, ಮೀಸೆ ಸಮೇತ.” ಅವಳು ಮೂಗು ಮುಚ್ಚಿಕೊಂಡಳು. “ಮರಿ ನೋಡಿದ್ರೆ ಸೋಪಿನ ಅಂಗಡಿ. ಹೆರಿಗೆ ವಾಸನೆಯೆಲ್ಲ ನಿಮ್ಮ ಮೈಮೇಲೆ.”

ಸೂಲಗಿತ್ತಿ ಅಂಗಿಯನ್ನು ನೋಡಿಕೊಂಡ. ಅರ್ಧ ಒಣಗಿ ಹಪ್ಪಳದಂತೆ ಬಿರುಸಾಗಿತ್ತು. ಗುಂಡಿ ಬಿಚ್ಚತೊಡಗಿದ.

“ಏನ್ ಮಾಡ್ತಿದೀರಿ? ಆ ಕಾಲರನ್ನ ಎರಡು ಸಲ ಬಿಚ್ಚಿ ಹೊಲ್ದಿದೀನಿ.”

“ಇದರ ಕತ್ತಿಗೂ ಸರಿಯಾಗಿ ಕೂರುತ್ತೆ ಬಾ, ಕಾಲು ಹಿಡ್ಕೋ.”

ಮರಿಯ ಮುಂಗಾಲುಗಳನ್ನು ಅಂಗಿಯ ತೋಳಿಗೆ ತೂರಿಸಿದರು. ಬೈಯುತ್ತಲೇ ಅವಳು, ಕಾಲಿಗೆ ತೊಡರದಿರಲೆಂದು ತೋಳುಗಳನ್ನು ಮಡಚಿದಳು, ಸಡಿಲವಿದ್ದ ಕಡೆ ದಾರ ಕಟ್ಟಿ ಬಿಗಿ ಮಾಡಿದಳು. ಸೂಲಗಿತ್ತಿ ನಲ್ಲಿಗೆ ಹೋಗಿ ಅದೇ ಘಮಘಮ ಸೋಪಿನಲ್ಲಿ ಚರ್ಮ ಕೆಂಪಾಗುವಂತೆ ತಿಕ್ಕಿಕೊಂಡ. ಮೀಸೆಯನ್ನು ಮೂರು ಸಲ ತೊಳೆದ. ಟವೆಲ್ಲು ಸುತ್ತಿಕೊಂಡು ಬಂದು ಹೊರಗೇ ನಿಂತ.

ಬೂದಿ ನೀಲಿ ಅಂಗಿಯನ್ನು ಮೂಸಿತು. ಗುನುಗಿತು. ಮರಿ ಕೆಚ್ಚಲಿಗೆ ಬಂದಾಗ ಮತ್ತೆ ಕಾಲೆತ್ತಿತು. ಸೂಲಗಿತ್ತಿ ಒಳಗೆ ನುಗ್ಗಹೋದ. ಹೆಂಡತಿ ಟವೆಲ್ಲು ಹಿಡಿದು ಎಳೆದಳು.

“ಹಿಂದೆ ಸರೀಬೇಕು ಅಂತ ಊರಿಗೆಲ್ಲ ಹೇಳ್ತೀರಿ. ಈಗ ಸರೀರಿ.”

ಟವೆಲ್ಲಿನ ಮರ್ಯಾದೆಗಾದರೂ ನಿಲ್ಲಲೇಬೇಕಾಯಿತು. ಸುಮ್ಮನೆ ನಿಲ್ಲುವುದು ಒದೆ ತಿನ್ನುವುದಕ್ಕಿಂತ ಕಷ್ಟದ ಕೆಲಸವೆಂದು ಅವನಿಗೆ ತಿಳಿದದ್ದು ಆಗಲೇ. ಮರಿ ಹೋಯಿತು, ಬೂದಿ ಸರಿಯಿತು, ಹೋಯಿತು, ಸರಿಯಿತು. ಕಿಟಕಿಯ ಬಿಸಿಲು ಮೇವಿನ ತೊಟ್ಟಿ ದಾಟಿ ಗೋಡೆ ಹತ್ತುವವರೆಗೂ ಇದೇ ನಡೆಯಿತು. ಬುತ್ತಿ ಮುಚ್ಚಿದಂತೆಯೇ ಇತ್ತು. ಆಮೇಲೊಮ್ಮೆ ಬೂದಿ ಎತ್ತಿದ ಕಾಲನ್ನು ಹಾಗೇ ಕೆಳಗಿಟ್ಟಿತು. ಅಂಗಿಯ ಬೆನ್ನನ್ನು ನೆಕ್ಕಿತು, ಅಲ್ಲಿಂದ ಕಿವಿ, ಕಿವಿಯಿಂದ ಹಣೆ. ಕೆಚ್ಚಲ ಕಡೆಯಿಂದ ಚಪ್ಪರಿಸುವ ಸದ್ದು ಕೇಳಿಸಿತು.

ಹಾಲು ಸರಿಯಾಗಿ ಬರುತ್ತಿದೆಯೇ ನೋಡೋಣವೆಂದು ಸೂಲಗಿತ್ತಿ ಮೆಲ್ಲಗೆ ಒಳಗೆ ಕಾಲಿಟ್ಟ. ಬೂದಿ ಹಲ್ಲು ಕಿರಿದು ಅಟ್ಟಿಸಿಕೊಂಡು ಬಂತು. ಅವನು ಬಾಗಿಲ ಹೊರಗೆ ಬಿದ್ದ.

“ಕೃತಜ್ಞತೆ,” ಅಂದಳು ಹೆಂಡತಿ.

ಅಷ್ಟರಲ್ಲಿ ಅಂಗಳದಲ್ಲಿ ವ್ಯಾನು ನಿಂತಿತು. ಇಳಿದು ಬಂದ ಡ್ರೈವರು, ಟವೆಲ್ಲಿನಲ್ಲಿ ಒದ್ದೆ ಮೀಸೆಯೊಂದಿಗೆ ಬಾಗಿಲಿಗೆ ಅಡ್ಡ ನಿಂತ ದೊಡ್ಡ ಆಳನ್ನು ಮೇಲಿಂದ ಕೆಳಗೆ ನೋಡಿ, “ಮರಿ ಎಲ್ಲಣ್ಣ?” ಎಂದು ಕೇಳಿದ.

“ಊಟ ಮಾಡ್ತಿದೆ. ನಡುವೆ ಎಬ್ಬಿಸೋಕಾಗಲ್ಲ. ನೀವು ಹೊರಡಿ,” ಅಂದ ಸೂಲಗಿತ್ತಿ. ಆಮೇಲೆ ಹೆಂಡತಿಯ ಕಡೆ ತಿರುಗಿ, ಬುತ್ತಿಗೆ ಕೈ ಚಾಚಿದ.