ಲಾಳ್ಯಾನ ಖಾಲಿ ತಾಟು

ಲಾಳ್ಯಾನನ್ನು ಕೊಲ್ಲಿಸಿದವಳು ನಾನು. ದೇವರು ಕರೆಸಿಕೊಳ್ಳಲಿಲ್ಲ, ವಯಸ್ಸಾಗಿ ಹೋಗಲಿಲ್ಲ, ಮಲಗಿದವನು ಹಾಗೇ ಕಣ್ಣು ಮುಚ್ಚಲೂ ಇಲ್ಲ. ನಾನು ಡಾಕ್ಟರಿಗೆ ಫೋನು ಮಾಡಿಸಿದೆ, ಅವರು ಬಂದು ಸೂಜಿ ಮಾಡಿದರು, ನಾಯಿ ಸತ್ತಿತು. ಆದದ್ದು ಇಷ್ಟೇ.

ಈಗ ಯಾಕೆ ಈ ಮಾತು ಅಂತೀರೇನು? ನಿನ್ನೆ ಮೊಮ್ಮಗಳು ಪೂರ್ಣಿಮಾ ತನ್ನ ಮೊಬೈಲನ್ನು ತಂದು ನನ್ನ ಮೂಗಿಗೆ ಹಿಡಿದಳು. ಹೋದ ವರ್ಷ ಅವಳು ಹಾಕಿದ್ದ ಫೋಟೋವನ್ನು ಅದು ತಾನಾಗಿಯೇ ನೆನಪು ಮಾಡಿ ತೆಗೆದು ತೋರಿಸಿತಂತೆ. ಕೇಳದೆ ನೆನಪು ಮಾಡಿಕೊಡುವ ಮಂದಿ ಮೊದಲು ಬೀಗರ ಮನೆಯಲ್ಲಿ ಮಾತ್ರ ಇರುತ್ತಿದ್ದರು, ಈಗ ಮೊಬೈಲಿನಲ್ಲೂ ಸೇರಿದ್ದಾರೆ. ಫೋಟೋದಲ್ಲಿ ಲಾಳ್ಯಾ ನಾಲಿಗೆ ಚಾಚಿ ಕೂತಿದ್ದ. ಸುತ್ತ ಹೂವಿನ ಚೌಕಟ್ಟು. ಕೆಳಗೆ ‘ನಮ್ಮ ಲಾಳ್ಯಾ ಶಿವನ ಪಾದ ಸೇರಿದ’ ಎಂದು ಬರೆದು, ಸಾಲಾಗಿ ಮುಗಿದ ಕೈಗಳನ್ನು ಅಂಟಿಸಿದ್ದಳು. ನಾನು ಸಾಲಿಗೆ ಹೋದದ್ದು ಮೂರನೇ ಇಯತ್ತೆಯ ತನಕ. ಅಕ್ಷರ ಕೂಡಿಸಿ ಓದಲು ಹೊತ್ತು ಹಿಡಿಯುತ್ತದೆ. ಸುಳ್ಳನ್ನು ಓದಲು ಅಷ್ಟು ಹೊತ್ತು ಬೇಕಾಗುವುದಿಲ್ಲ.

ಲಾಳ್ಯಾನಂಥವನನ್ನು ಶಿವ ತನ್ನ ಪಾದದ ಹತ್ತಿರ ಬಿಟ್ಟುಕೊಳ್ಳುವುದಾದರೂ ಹೇಗೆ? ಪುಣ್ಯಕ್ಕೆ ಶಿವ ಚಪ್ಪಲಿ ಮೆಟ್ಟುವುದಿಲ್ಲ. ಮೆಟ್ಟಿದ್ದರೆ ಒಂದು ಕಾಲಿನದು ಇಷ್ಟು ಹೊತ್ತಿಗೆ ಕಾಣೆಯಾಗಿರುತ್ತಿತ್ತು.

ಸತ್ತವರನ್ನು ಹೊಗಳುವುದು ರೂಢಿ, ನನಗೆ ಬರುವುದಿಲ್ಲ. ಲಾಳ್ಯಾ ಒಳ್ಳೆಯ ನಾಯಿ ಆಗಿರಲಿಲ್ಲ. ಕಳ್ಳ ಬಂದರೆ ಬಾಲ ಅಲ್ಲಾಡಿಸುತ್ತಿದ್ದ, ಸೀರೆ ಕೊಳ್ಳುವವರು ಬಂದರೆ ಬೊಗಳುತ್ತಿದ್ದ. ಒಂದು ಸಲ ಮಗ್ಗದಿಂದ ಆಗಷ್ಟೇ ಕೊಯ್ದಿಟ್ಟಿದ್ದ ಸೀರೆಯ ಸೆರಗನ್ನು ಅರ್ಧ ಗೇಣು ಅಗಿದುಹಾಕಿದ. ಕೆಂಪು ರೇಷ್ಮೆಯ ಸೆರಗು, ಎರಡು ದಿನದ ನನ್ನ ಬೆನ್ನುನೋವು. ಅವತ್ತು ಅವನಿಗೆ ಬಿದ್ದ ಏಟು ಒಂದೇ. ಆಮೇಲೆ ನನ್ನ ಕೈಯೇ ನೋಯಿತು ಅಂತ ಬಿಟ್ಟೆ. ಬೇರೆ ಕಾರಣ ಹುಡುಕಬೇಡಿ.

ಅವನನ್ನು ತಂದವನು ನನ್ನ ಮಗ ಮಹಾಂತೇಶ. ಗುಳೇದಗುಡ್ಡಕ್ಕೆ ಖಣದ ಬಟ್ಟೆ ತರಲು ಹೋದವನು ಖಣದ ಚೀಲದಲ್ಲಿ ಮರಿ ಇಟ್ಟುಕೊಂಡು ಬಂದ. ಕುಪ್ಪಸಕ್ಕೆಂದು ಕಾದು ಕೂತಿದ್ದ ಸೊಸೆ ಸುಜಾತಾ ಚೀಲದಲ್ಲಿ ಕೈ ಹಾಕಿದಾಗ ಕೂಗಿದ ಕೂಗು ಇಳಕಲ್ಲಿನ ಅರ್ಧ ಓಣಿಗೆ ಕೇಳಿತ್ತು. ಮರಿ ಬಾಗಿಲಿನಿಂದ ಹಿತ್ತಲಿಗೆ, ಹಿತ್ತಲಿನಿಂದ ಬಾಗಿಲಿಗೆ ಮಗ್ಗದ ಲಾಳಿ ಓಡಿದಂತೆ ಓಡುತ್ತಿತ್ತು. ಹಾಗಾಗಿ ಲಾಳ್ಯಾ.

ನಮ್ಮದು ಕುಣಿಮಗ್ಗ. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುವಂಥದು. ಮಗ ಪವರ್‌ಲೂಮಿಗೆ ಹೋಗುತ್ತಾನೆ. ಇದು ನನ್ನದು, ನನ್ನ ಜೊತೆಗೇ ಮುಗಿಯುತ್ತದೆ. ಬ್ಯಾಸಿಗೆಯಲ್ಲಿ ಆ ಕುಣಿಯಷ್ಟು ತಂಪಾದ ಜಾಗ ಊರಲ್ಲಿ ಇನ್ನೊಂದಿಲ್ಲ ಎಂದು ಲಾಳ್ಯಾ ಮೊದಲ ವರ್ಷವೇ ಕಂಡುಹಿಡಿದ. ನಾನು ಕೂತ ಕೂಡಲೇ ದುಮುಕಿ ಕಾಲ ಬುಡದಲ್ಲಿ ಬೀಳುತ್ತಿದ್ದ. ಹನ್ನೆರಡು ವರ್ಷ ಒಂದು ಕಾಲು ತುಳಿಯುವ ಹಲಗೆಯ ಮೇಲೆ, ಇನ್ನೊಂದು ನಾಯಿಯ ಮೇಲೆ ಇಟ್ಟು ನೇಯ್ದಿದ್ದೇನೆ. ಎಷ್ಟೋ ಸಲ ಯಾವುದು ಹಲಗೆ ಯಾವುದು ನಾಯಿ ಅಂತ ತಿಳಿಯದೆ ತುಳಿದಿದ್ದೂ ಉಂಟು. ನಾಯಿ ಕುಂಯ್ ಅಂದರೆ ತಪ್ಪು ಕಾಲು ಅಂತ ಲೆಕ್ಕ.

ಹೋದ ವರ್ಷ ಅವನು ದುಮುಕುವುದು ಬಿಟ್ಟ. ಕುಣಿಯ ಅಂಚಿಗೆ ಬಂದು ನಿಂತು ನನ್ನ ಮುಖ ನೋಡುತ್ತಿದ್ದ. ಎತ್ತಿ ಇಳಿಸಿದರೆ ನೋವಿಗೆ ನರಳುತ್ತಿದ್ದ. ಹೊಟ್ಟೆ ಒಂದು ಕಡೆ ಊದಿತ್ತು. ಮಹಾಂತೇಶನೂ ನಾನೂ ಆಟೋದಲ್ಲಿ ಹಾಕಿಕೊಂಡು ದನದ ದವಾಖಾನೆಗೆ ಹೋದೆವು. ಡಾಕ್ಟರು ಮೈಸೂರು ಕಡೆಯವರು, ಸಣ್ಣ ವಯಸ್ಸು, ಮಾತೆಲ್ಲ ಬೆಣ್ಣೆ. ಹೊಟ್ಟೆ ಒತ್ತಿ ನೋಡಿದರು. ಲಾಳ್ಯಾ ಗುರ್ ಅಂದ. ಅವನಿಗೆ ಅವರನ್ನು ಕಂಡರೆ ಮೊದಲಿನಿಂದಲೂ ಆಗುತ್ತಿರಲಿಲ್ಲ.

“ಒಳಗೆ ಗಡ್ಡೆ ದೊಡ್ಡದಾಗಿದೆ ಅಜ್ಜಿ. ಈ ವಯಸ್ಸಿಗೆ ಕೊಯ್ದು ಪ್ರಯೋಜನವಿಲ್ಲ. ನೋವು ಜಾಸ್ತಿಯಾದರೆ ಮಲಗಿಸಿಬಿಡೋಣ.”

“ಮಲಗೇ ಐತಲ್ರಿ, ಎಂಟು ದಿನಾತು,” ಅಂದೆ ನಾನು. “ಏಳೂ ಹಂಗ ಏನರ ಮಾಡ್ರಿ.”

ಮಹಾಂತೇಶ ನನ್ನ ಸೆರಗು ಜಗ್ಗಿದ. ಡಾಕ್ಟರು ನೆಲ ನೋಡಿದರು. ಅವರ ಊರಲ್ಲಿ ಆ ಮಾತಿಗೆ ಏನರ್ಥ ಎಂದು ಆಗ ನನಗೆ ಹೊಳೆಯಿತು. ಇಷ್ಟು ಮೆತ್ತಗಿನ ಮಾತಿನೊಳಗೆ ಇಷ್ಟು ದೊಡ್ಡ ಸೂಜಿ ಇಟ್ಟಿರುತ್ತಾರೆ ಎಂದು ಯಾರಿಗೆ ಗೊತ್ತಿತ್ತು?

“ಯಾವಾಗ ಅಂತ ಹೆಂಗ ತಿಳೀಬೇಕ್ರಿ?” ಎಂದು ಮಗ ಕೇಳಿದ.

“ನೀವೇ ಹತ್ತಿರದಿಂದ ನೋಡ್ತೀರಲ್ಲ. ಊಟ ಬಿಟ್ಟ ದಿನ ಹೇಳಿ. ನಾನೇ ಬರ್ತೀನಿ.”

ಒಳ್ಳೆಯ ಮನುಷ್ಯ. ಆದರೆ ನಮ್ಮ ಕಡೆಯವರಿಗೆ ಹೇಳಬಾರದ ಮಾತೊಂದನ್ನು ಹೇಳಿಬಿಟ್ಟರು. ಯಾಕೆಂದರೆ ನಮ್ಮಲ್ಲಿ ರೊಟ್ಟಿ ತಿನ್ನುವವನಿಗೆ ಜಡ್ಡಿಲ್ಲ. ಯಾರಾದರೂ ಹಾಸಿಗೆ ಹಿಡಿದರೆ, ಏನು ರೋಗ ಅಂತ ಯಾರೂ ಕೇಳುವುದಿಲ್ಲ. “ಉಂಡಾರೇನ್ರಿ?” ಅಂತ ಕೇಳುತ್ತಾರೆ. ಉಂಡಾರ ಅಂದರೆ, ಹಂಗಾರ ಚಿಂತಿ ಇಲ್ಲ ಬಿಡ್ರಿ ಅಂತ ಎದ್ದು ಹೋಗುತ್ತಾರೆ. ನನ್ನ ಯಜಮಾನರು ಹೋದ ದಿನವೂ ಹಾಗೇ. ಮುಂಜಾನೆ ಬಂದ ಮಂದಿಗೆಲ್ಲ, ಒಂದು ಬಟ್ಟಲು ನುಚ್ಚು ಉಂಡಾರ ಅಂತ ಹೇಳಿದೆ. ಎಲ್ಲರೂ ಸಮಾಧಾನದಿಂದ ಹೋದರು. ಮಧ್ಯಾಹ್ನ ಅವರು ಹೋದರು. ಆ ನುಚ್ಚು ಉಂಡವಳು ನಾನು. ಹದಿನಾರು ವರ್ಷ ಯಾರಿಗೂ ಹೇಳಿರಲಿಲ್ಲ, ಈಗ ನಿಮಗೆ ಹೇಳಿದೆ. ಮಜ್ಜಿಗೆ ಹಾಕಿದ್ದೆ, ಚಲೋ ಇತ್ತು.

ಇರಲಿ. ಮನೆಗೆ ಬಂದು ಪಾಳಿ ಹಚ್ಚಿಕೊಂಡೆವು. ಮುಂಜಾನೆ ಲಾಳ್ಯಾನಿಗೆ ಹಾಕುವವಳು ನಾನು, ಮಧ್ಯಾಹ್ನ ಮನೆಗೆ ಉಣ್ಣಲು ಬಂದಾಗ ಮಹಾಂತೇಶ, ಸಂಜೆಗೆ ಸುಜಾತಾ. ಪೂರ್ಣಿಮಾಳ ಕೆಲಸ ಖಾಲಿ ತಾಟಿನ ಫೋಟೋ ಹೊಡೆದು ಡಾಕ್ಟರಿಗೆ ಕಳಿಸುವುದು. ಹಾಲಲ್ಲಿ ನೆನೆಸಿದ ರೊಟ್ಟಿ. ಮೊದಲು ಸ್ವಲ್ಪ ತಿಂದ. ಆಮೇಲೆ ಒಂದು ಮುಂಜಾನೆ ಮೂಸಿ ನೋಡಿ ಮುಖ ತಿರುವಿದ.

ನಾನು ತಾಟನ್ನು ನೋಡಿದೆ. ಒಳಗೆ ಸುಜಾತಾ ಪಾತ್ರೆ ತೊಳೆಯುತ್ತಿದ್ದಳು. ಹಿತ್ತಲಿನ ಸಂದಿ ಬಿದ್ದ ಮೋಟುಗೋಡೆಯ ಆಚೆ ಕಾಶವ್ವನ ಆಡು ಕತ್ತು ಚಾಚಿ ನಿಂತಿತ್ತು. ಕಾಶವ್ವ ನಮ್ಮ ಬಗಲಮನೆಯವಳು. ಅವಳ ಆಡು ಅವಳಷ್ಟು ಜಿಪುಣ ಅಲ್ಲ, ಅದು ಹಾಕಿದ್ದನ್ನೆಲ್ಲ ತಿನ್ನುತ್ತದೆ. ಹಾಕಿದೆ. ಒಂದು ಹೊತ್ತಿನದು ತಾನೇ, ಮಧ್ಯಾಹ್ನ ಮಗನ ಕೈಯಲ್ಲಿ ತಿಂದಾನು ಅಂದುಕೊಂಡೆ. ಮಧ್ಯಾಹ್ನ ತಾಟು ಖಾಲಿಯಾಗಿತ್ತು. ಸಂಜೆಯೂ ಖಾಲಿ. ನೋಡಿದಿರಾ, ನನ್ನ ಕೈಯದು ಬೇಡವಾಗಿದೆ, ಅವರದು ಬೇಕು ಅಂತ ನನಗೆ ಸಿಟ್ಟೇ ಬಂತು. ಸೊಸೆಯ ಕೈ ಊಟ ರುಚಿ ಅಂತ ನಾಯಿಯೂ ಹೇಳಬೇಕೆ?

ಮರುದಿನವೂ ಮುಂಜಾನೆಯದು ಆಡಿಗೇ ಹೋಯಿತು. ಅದರ ಮರುದಿನವೂ.

ಡಾಕ್ಟರು ಫೋಟೋ ನೋಡಿ ಫೋನು ಮಾಡಿದರು. “ಮೂರು ಹೊತ್ತೂ ತಾಟು ಖಾಲಿ! ಆಶ್ಚರ್ಯ ಅಜ್ಜಿ, ಇಂಥ ನಾಯಿ ನಾನು ನೋಡಿಲ್ಲ.”

“ನಮ್ಮ ರೊಟ್ಟಿ ಹಂಗ ಐತ್ರಿ,” ಅಂದೆ.

ಲಾಳ್ಯಾ ಮಾತ್ರ ದಿನದಿನಕ್ಕೆ ಇಳಿಯುತ್ತಿದ್ದ. ಪಕ್ಕೆಲುಬು ಒಂದೊಂದೂ ಕಾಣುತ್ತಿತ್ತು. ಉಸಿರು ಬಿಡುವಾಗ ಒಂದು ಸಣ್ಣ ದನಿ ಬರುತ್ತಿತ್ತು, ಎಣ್ಣೆ ಕಾಣದ ಬಾಗಿಲಿನ ಹಾಗೆ. ಮಗ್ಗದ ಸಪ್ಪಳದಲ್ಲಿ ಅದು ಕೇಳುವುದಿಲ್ಲ. ಆ ದಿನಗಳಲ್ಲಿ ನಾನು ಭಾಳ ನೇಯ್ದೆ.

ಹೀಗೆ ಹತ್ತು ದಿನವಾಗಿರಬೇಕು, ಒಂದು ಸಂಜೆ ಕಾಶವ್ವ ಗೋಡೆಯ ಮೇಲಿಂದ ಕರೆದಳು.

“ಯಕ್ಕಾ, ನಮ್ಮ ಆಡು ಕಡ್ಡಿ ಮುಟ್ಟವಲ್ದು ನೋಡ. ದನದ ದವಾಖಾನಿಗೆ ಒಯ್ದಿದ್ದೆ.”

“ಏನಂದ್ರು?”

“ಏನಂತಾರ! ಹೊಟ್ಟಿ ಬಡದು ನೋಡಿ, ರೊಟ್ಟಿ ಉಂಡುಂಡ ಉಬ್ಬೈತಿ, ಇನ್ನೊಂದೆರಡು ದಿನ ಹಿಂಗ ಹಾಕಿದ್ರ ಸಾಯತೈತಿ ಅಂದ್ರು. ಮೂರು ಹೊತ್ತೂ ಗ್ವಾಡಿ ಬುಡಕ ರೊಟ್ಟಿ ಚೂರು ಬಿದ್ದಿರತಾವ. ನನಗ ಎರಡು ಹೊತ್ತಿನ ರೊಟ್ಟಿ ಬಡಿಯೂದ ಸಾಕಾಗೈತಿ. ಇದಕ್ಕ ಮೂರು ಹೊತ್ತು ಬಡದು ಹಾಕೂ ಪುಣ್ಯಾತಗಿತ್ತಿ ಯಾರ?”

ನಾನು ನಗಬೇಕೆಂದಿದ್ದೆ. ಮೂರು ಹೊತ್ತು? ನಾನು ಹಾಕಿದ್ದು ಮುಂಜಾನೆಯದೊಂದೇ.

ಎಲ್ಲರೂ ಊಟಕ್ಕೆ ಕೂತಾಗ ಕೇಳಿದೆ. “ಕಾಶವ್ವನ ಆಡಿಗೆ ರೊಟ್ಟಿ ಯಾರ್ ಹಾಕ್ತೀರಿ?”

ಮಹಾಂತೇಶನಿಗೆ ಕುಡಿಯುತ್ತಿದ್ದ ನೀರು ನೆತ್ತಿಗೆ ಹತ್ತಿತು. ಸುಜಾತಾ ಎದ್ದು, ಒಲೆಯ ಮೇಲೆ ಏನೂ ಇಲ್ಲದಿದ್ದರೂ ಏನೋ ನೋಡಲು ಹೊರಟಳು.

“ಕುಂಡ್ರ,” ಅಂದೆ.

“ನಾ ಮಧ್ಯಾಹ್ನದ್ದಷ್ಟ ಹಾಕೇನ್ಯವ್ವಾ,” ಎಂದ ಮಗ. “ಮುಂಜಾನಿ ನಿನ್ನ ಕೈಯಾಂದು ಹೊಟ್ಟಿತುಂಬ ತಿಂದಿರತಾನ, ಅದಕ್ಕ ನನ್ನದು ಸೇರವಲ್ದು ಅಂದ್ಕೊಂಡೆ.”

“ನಾನೂ ಸಂಜೀದೊಂದ ರೀ ಅತ್ಯಾರ,” ಎಂದಳು ಸುಜಾತಾ. “ಹಗಲೆಲ್ಲ ಉಂಡಾನಲ್ಲ, ಒಂದು ಹೊತ್ತು ಬಿಟ್ರ ಬಿಡವಲ್ಲನ್ಯಾಕ ಅಂತ. ತಾಟಿನ್ಯಾಗ ಉಳದ್ರ ಡಾಕ್ಟರು ಬಂದುಬಿಡತಾರಲ್ರಿ.”

“ನೀ ಗ್ವಾಡಿ ಮ್ಯಾಲಿಂದ ಹಾಕಿದ್ಯೋ ಸಂದ್ಯಾಗಿಂದ ಹಾಕಿದ್ಯೋ?” ಎಂದು ಮಗ ಹೆಂಡತಿಯನ್ನು ಕೇಳಿದ.

“ಸಂದ್ಯಾಗಿಂದ. ನೀವು?”

“ಗ್ವಾಡಿ ಮ್ಯಾಲಿಂದ.”

“ನಾನೂ ಗ್ವಾಡಿ ಮ್ಯಾಲಿಂದನ,” ಎಂದು ನಾನೂ ಒಪ್ಪಿಕೊಂಡೆ. ಮೂವರೂ ನಕ್ಕೆವು. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ನೋಡಿ, ಒಂದು ಮನೆಯವರು ಸೇರಿಕೊಂಡು ಮಾಡುವ ಕಳ್ಳತನ ಬೇರೆ. ಒಬ್ಬರಿಗೊಬ್ಬರು ತಿಳಿಯದೆ ಒಂದೇ ಕಳ್ಳತನ ಮಾಡುವುದಕ್ಕೆ ಒಂದೇ ಉಪ್ಪು ತಿಂದಿರಬೇಕು.

ಪೂರ್ಣಿಮಾ ಮಾತ್ರ ನಗಲಿಲ್ಲ. “ಹಂಗಾದ್ರ ಆಯೀ, ಲಾಳ್ಯಾ ಯಾವಾಗ ಉಂಡ?” ಎಂದು ನನ್ನನ್ನು ಕೇಳಿದಳು.

ನನ್ನ ಪಾಳಿಯಲ್ಲಿ ಉಣ್ಣದಿದ್ದರೆ ಅವರ ಪಾಳಿಯಲ್ಲಿ ಉಣ್ಣುತ್ತಾನೆ ಎಂದು ನಾನು, ನನ್ನ ಪಾಳಿಯಲ್ಲಿ ಉಣ್ಣುತ್ತಾನೆ ಎಂದು ಅವರು. ಹತ್ತು ದಿನ ನಾಯಿಯ ಆಯುಷ್ಯ ಆಡಿನ ಹೊಟ್ಟೆಯ ಮೇಲೆ ನಡೆದಿತ್ತು. ಡಾಕ್ಟರು ಹೇಳಿದ ದಿನ ಯಾವಾಗಲೋ ಬಂದು, ನಮ್ಮ ಬಾಗಿಲಲ್ಲಿ ನಿಂತು ನಿಂತು ಹಳತಾಗಿತ್ತು. ಅಷ್ಟು ದಿನ ಅವನು ನೀರು ಕುಡಿದು, ನೋವು ತಿಂದು, ಮೂಲೆಯಲ್ಲಿ ಬಿದ್ದಿದ್ದ. ಅವನ ಮೇಲಿನ ಪ್ರೀತಿಗೆ ಹಾಗೆ ಮಾಡಿದೆವು ಅಂತ ಮಗ ಈಗಲೂ ಅನ್ನುತ್ತಾನೆ. ಪ್ರೀತಿಯಲ್ಲ. ಹೂಂ ಅನ್ನುವ ಮಾತು ತನ್ನ ಬಾಯಿಂದ ಬರಬಾರದು, ಅಷ್ಟೇ. ನನ್ನದೂ ಅದೇ.

“ನಾಳೆ ಫೋನ್ ಹಚ್ಚೂಣು,” ಅಂದೆ.

“ನಾಳೆ ಅಮಾಸಿ ರೀ ಅತ್ಯಾರ.”

“ನಾಡದ?”

“ನಾಡದ ಸೋಮಾರ ಯವ್ವಾ. ಶಿವನ ವಾರ. ಮಂಗಳಾರ ಅಂತೂ ಬ್ಯಾಡ,” ಎಂದ ಮಗ.

“ನಾಯಿಗೆ ಕ್ಯಾಲೆಂಡರ್ ಓದಾಕ ಬರೂದಿಲ್ಲಲೇ,” ಅಂದೆ. “ಅದಕ್ಕ ದಿನಾ ಒಂದ ವಾರ, ನೋವಿನ ವಾರ.” ಪೂರ್ಣಿಮಾಳ ಕಡೆ ತಿರುಗಿದೆ. “ನಂಬರ್ ಹಚ್ಚಿ ಕೊಡವಾ.”

ಡಾಕ್ಟರು ಫೋನು ಎತ್ತಿದರು. “ನಾಯಿ ಊಟ ಬಿಟ್ಟು ಹತ್ತು ದಿನಾತ್ರಿ. ನಾವು ಸುಳ್ಳು ಹೇಳೇವಿ. ನಾಳೆ ಬರ್ರಿ,” ಅಂದೆ. ಅವರು ಏನೂ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಅಮಾವಾಸ್ಯೆಯ ದಿನ ಹನ್ನೊಂದಕ್ಕೆ ಬಂದರು. ಲಾಳ್ಯಾನನ್ನು ನಾವು ಮಗ್ಗದ ಕುಣಿಯಲ್ಲಿ ಇಳಿಸಿದ್ದೆವು, ಅವನ ಜಾಗ ಅದೇ ಅಂತ ನಾನು ಹಟ ಹಿಡಿದಿದ್ದೆ. ಇಸ್ತ್ರಿ ಮಾಡಿದ ಪ್ಯಾಂಟಿನ ಡಾಕ್ಟರು ಪಾಪ ನನ್ನ ಜಾಗದಲ್ಲಿ ಕೂತು ಕಾಲು ಇಳಿಬಿಟ್ಟರು. ಕಾಲು ಹಲಗೆಯ ಮೇಲೆ ಬಿದ್ದು ಮಗ್ಗದ ಎಳೆಗಳೆಲ್ಲ ಬಾಯಿ ತೆರೆದವು. ಅವರು ಬೆಚ್ಚಿದರು. “ಸೀರಿ ಆಮ್ಯಾಲ ನೇಯೀರಂತ್ರಿ, ಮೊದ್ಲ ಬಂದ ಕೆಲಸ ಮಾಡ್ರಿ,” ಅಂದೆ. ಅಳುತ್ತಿದ್ದ ಸುಜಾತಾ ಅಳುತ್ತಲೇ ನಕ್ಕಳು.

ಸೂಜಿ ಹಿಡಿದು ಡಾಕ್ಟರು ತಲೆ ಎತ್ತಿದರು. “ಮಾಡಲಾ?”

ಮಗ ಗೋಡೆ ನೋಡಿದ. ಸುಜಾತಾ ಗಂಡನನ್ನು ನೋಡಿದಳು. ಮೊಮ್ಮಗಳು ನನ್ನನ್ನು ನೋಡಿದಳು. ಈ ಮಾತನ್ನು ಸಂದಿಯಿಂದ ಆಡಿಗೆ ಹಾಕಲು ಬರುವುದಿಲ್ಲ.

“ಹೂಂ, ಮಾಡ್ರಿ,” ಅಂದೆ.

ಡಾಕ್ಟರ ಕೈ ಮುಟ್ಟಿದ ಕೂಡಲೇ ಲಾಳ್ಯಾ ಗುರ್ ಅಂದ. ಎಲ್ಲಿತ್ತೋ ಅಷ್ಟು ಶಕ್ತಿ. ನನ್ನ ಕೈ ಅವನ ಕತ್ತಿನ ಮೇಲಿತ್ತು. ಗುರ್ ಅನ್ನುವುದು ನಿಂತದ್ದು ನನ್ನ ಬೆರಳಿಗೆ ಮೊದಲು ತಿಳಿಯಿತು. ಆ ಬಾಗಿಲಿನ ದನಿಯೂ ನಿಂತಿತು. ಹಿತ್ತಲಲ್ಲಿ ಮಗ ಕುಣಿ ತೋಡಿ, ಹಣೆಗೆ ವಿಭೂತಿ ಹಚ್ಚಿ ಮಣ್ಣು ಮಾಡಿದ. ಪೂರ್ಣಿಮಾ ಫೋಟೋಕ್ಕೆ ಹೂವಿನ ಚೌಕಟ್ಟು ಹಾಕುತ್ತ ಕೂತಳು.

ಮರುದಿನ ಮುಂಜಾನೆ ಸುಜಾತಾ ಬಿಸಿ ರೊಟ್ಟಿ, ಪುಂಡಿಪಲ್ಲೆ, ಮೇಲೆ ಹಸಿ ಉಳ್ಳಾಗಡ್ಡಿ ಇಟ್ಟು ತಾಟು ತಂದಳು. ಪುಂಡಿಪಲ್ಲೆ ಇದ್ದರೆ ನಾನು ಮೂರು ರೊಟ್ಟಿಯವಳು. ಒಂದು ತುತ್ತು ಮುರಿದು ಬಾಯಿಗಿಟ್ಟೆ. ಬಾಯಲ್ಲೇ ನಿಂತಿತು. ನೀರು ಕುಡಿದು ಇಳಿಸಿದೆ. ಮಹಾಂತೇಶ ತನ್ನ ರೊಟ್ಟಿ ಮುರಿಯುವುದು ಬಿಟ್ಟ. ಸುಜಾತಾಳ ಕಣ್ಣು ಹಿತ್ತಲ ಬಾಗಿಲಿಗೆ ಹೋಗಿ ಬಂತು. ಮೊಮ್ಮಗಳ ಕೈ, ಬೆಕ್ಕು ಬಂದಂತೆ ಮೆಲ್ಲಗೆ ನನ್ನ ತಾಟಿನ ಅಂಚಿಗೆ ಬಂತು.

“ಕೈ ತಗಿ,” ಅಂದೆ. “ನನಗ ಇವತ್ತು ರೊಟ್ಟಿ ಇಳಿಯವಲ್ದು. ಉಂಡಾಳ ಅಂತ ಯಾರಿಗೂ ಹೇಳಬ್ಯಾಡ್ರಿ.”

ತಾಟನ್ನು ರೊಟ್ಟಿಯ ಸಮೇತ ಎಲ್ಲರಿಗೂ ಕಾಣುವ ಹಾಗೆ ಪಡಸಾಲೆಯ ನಡುವೆ ಸರಿಸಿ, ಕೈ ತೊಳೆದುಕೊಂಡು ಮಗ್ಗಕ್ಕೆ ಕೂತೆ.